ಬೇಸ್‌ಮೆಂಟಿಗೆ ಇಳಿದದ್ದು ಹತ್ತಿ ಬರಬೇಕಲ್ಲ

ಮಿಶಿಗನ್ ರಾಜ್ಯದ ಲಿವೋನಿಯಾದಲ್ಲಿ ನಾವು 11 ವರ್ಷ ಬಾಳಿದ ಮನೆಯನ್ನು ಕಳೆದ ಬೇಸಿಗೆಯಲ್ಲಿ ಮಾರಿದೆವು. ಮೇಲಿನ ಕೋಣೆಗಳ ಸಾಮಾನೆಲ್ಲ ಎರಡೇ ದಿನದಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಸೇರಿತು. ಬೇಸ್‌ಮೆಂಟಿನಲ್ಲಿದ್ದ ನಾಲ್ಕು ವಸ್ತುಗಳು ಮಾತ್ರ ಒಂದು ವಾರವನ್ನೇ ನುಂಗಿದವು. ಮುಚ್ಚಳ ಮೇಲಕ್ಕೆ ತೆರೆಯುವ, ಪೆಟಾರಿಯಂಥ ದೊಡ್ಡ ಫ್ರೀಜರ್, ಟ್ರೆಡ್‌ಮಿಲ್, ಬಟ್ಟೆ ಒಗೆಯುವ ಯಂತ್ರ ಮತ್ತು ಊರಿನಿಂದ ತಂದ ಗ್ರೈಂಡರ್, ಇವೇ ಆ ನಾಲ್ಕು. ಇವುಗಳಲ್ಲಿ ಫ್ರೀಜರ್‌ನ ಕತೆಯೇ ಉದ್ದವಾದದ್ದು. ಏಕೆಂದರೆ ಅದರಲ್ಲಿ ನಾನು ಮಾಡಿದ ತಪ್ಪುಗಳೂ ಹೆಚ್ಚು.

ಇಲ್ಲಿಯ ಮನೆಗಳಿಗೆ ನೆಲಮಾಳಿಗೆ ಬಂದಿರುವುದಕ್ಕೆ ಚಳಿಯೇ ಒಂದು ಮುಖ್ಯ ಕಾರಣ. ಚಳಿಗಾಲದಲ್ಲಿ ನೆಲದೊಳಗಿನ ನೀರು ಹೆಪ್ಪುಗಟ್ಟಿ ಉಬ್ಬಿದರೆ ಅಡಿಪಾಯವೇ ಎದ್ದುಬಿಡುತ್ತದೆಂದು, ಮಿಶಿಗನ್‌ನಲ್ಲಿ ಸಾಮಾನ್ಯವಾಗಿ 42 ಇಂಚಿಗಿಂತ ಆಳಕ್ಕೆ ಪಾಯ ಇಳಿಸುತ್ತಾರೆ. ಅಷ್ಟು ಅಗೆದ ಮೇಲೆ ಇನ್ನಷ್ಟು ಅಗೆದು ಒಂದು ಅಂತಸ್ತನ್ನೇ ಪಡೆದುಕೊಳ್ಳೋಣವೆಂಬುದು ಕಟ್ಟುವವರ ಲೆಕ್ಕಾಚಾರ. ನಮ್ಮದು 1950ರ ದಶಕದ ಇಟ್ಟಿಗೆಯ ಮನೆ. ಆ ಕಾಲದ ಇಂಥ ಮನೆಗಳಲ್ಲಿ ಕಾಣುವ ಒಂದು ವಿನ್ಯಾಸ ನಮ್ಮಲ್ಲೂ ಇತ್ತು. ಬೇಸ್‌ಮೆಂಟಿನಿಂದ 9 ಮೆಟ್ಟಿಲು ಹತ್ತಿದರೆ ಮೂರಡಿ ಚೌಕದ ಒಂದು ಕಟ್ಟೆ ಸಿಗುತ್ತದೆ, ಎದುರಿಗೆ ಕೋಟು ನೇತುಹಾಕುವ ಗೋಡೆ, ಬಲಕ್ಕೆ ಹೊರಗಿನ ಕಾರು ನಿಲ್ಲುವ ಜಾಗಕ್ಕೆ ತೆರೆಯುವ ಬಾಗಿಲು, ಎಡಕ್ಕೆ ಅಡುಗೆಮನೆಗೆ ಹತ್ತುವ ಮತ್ತೆ ಮೂರು ಮೆಟ್ಟಿಲು. ಹಿಮ ಮೆತ್ತಿದ ಬೂಟು ಕಳಚಲು ಇದಕ್ಕಿಂತ ಅನುಕೂಲದ ಜಾಗ ಇಲ್ಲ. ನಾಲ್ಕಡಿ ಉದ್ದದ ಸಾಮಾನನ್ನು ತಿರುಗಿಸಲು ಇದಕ್ಕಿಂತ ಹಾಳು ಜಾಗವೂ ಇಲ್ಲ.

ಫ್ರೀಜರ್ ಕೆಳಗೆ ಇಳಿದದ್ದು ನಾವು ಆ ಮನೆಗೆ ಬಂದ ಮೊದಲ ವರ್ಷ. ಅಂಗಡಿಯಿಂದ ತಂದ ಇಬ್ಬರು ಹುಡುಗರು ಹತ್ತು ನಿಮಿಷದಲ್ಲಿ ಅದನ್ನು ಇಳಿಸಿ, ಸಹಿ ಹಾಕಿಸಿಕೊಂಡು ಹೋಗಿದ್ದರು. ಅಂದಿನಿಂದ ಅದರ ಹೊಟ್ಟೆಯಲ್ಲಿ ತುರಿದ ತೆಂಗಿನಕಾಯಿ, ಕರಿಬೇವು, ಮತ್ತು ಗುಜರಾತಿ ಹೆಸರಿನಲ್ಲಿ ಸುರ್ತಿ ಲಿಲ್ವಾ ಎಂದು ಮಾರುವ, ನಾವು ಮಾತ್ರ ಅವರೆಕಾಳೆಂದೇ ನಂಬಿ ತಿನ್ನುವ ಕಾಳಿನ ಪೊಟ್ಟಣಗಳು ತುಂಬಿಕೊಂಡೇ ಇದ್ದವು. ಈಗ ಅವನ್ನೆಲ್ಲ ಸ್ನೇಹಿತರೊಬ್ಬರ ಮನೆಗೆ ಸಾಗಿಸಿ, ಫ್ರೀಜರನ್ನು ಒರೆಸಿ ಒಣಗಿಸಿದ ಮೇಲೆ, ಇಳಿದ ದಾರಿಯಲ್ಲೇ ಹತ್ತಿಸಿದರಾಯಿತೆಂದು ನಾನು ನಿಶ್ಚಿಂತನಾಗಿದ್ದೆ. ಅಮೆರಿಕಕ್ಕೆ ಆರು ತಿಂಗಳಿಗೆಂದು ಬಂದಿದ್ದ ಅಪ್ಪಾಜಿ ಮಾತ್ರ ಮೆಟ್ಟಿಲ ಬಾಯಲ್ಲಿ ನಿಂತು, “ಮೊದ್ಲು ಅಳತೆ ಹಿಡಿಯೋ ತಮ್ಮಾ” ಎಂದರು. ಇಳಿದಿದೆಯಲ್ಲ, ಹತ್ತದೇ ಇರುತ್ತದೆಯೇ ಎಂದು ನಾನು ನಕ್ಕುಬಿಟ್ಟೆ.

ನಾನು ಮರೆತಿದ್ದ ಸಂಗತಿಯೊಂದಿತ್ತು. ಫ್ರೀಜರ್ ಇಳಿದ ನಾಲ್ಕು ವರ್ಷದ ನಂತರ ಬೇಸ್‌ಮೆಂಟನ್ನು ಚೆಂದಗೊಳಿಸುವ ಹುಮ್ಮಸ್ಸಿನಲ್ಲಿ ಮೆಟ್ಟಿಲಿನ ಎರಡೂ ಬದಿಯ ಬರಿಯ ಕಾಂಕ್ರೀಟ್ ಗೋಡೆಗಳಿಗೆ ಮರದ ಪಟ್ಟಿ ಹೊಡೆದು, ಅದರ ಮೇಲೆ ಜಿಪ್ಸಂ ಹಲಗೆ ಕೂರಿಸಿ, ಬಣ್ಣ ಬಳಿಸಿದ್ದೆವು. 36 ಇಂಚಿದ್ದ ಅಗಲ ಅದರಿಂದ 33 ಇಂಚಾಯಿತು. ಮಕ್ಕಳು ಬೀಳಬಾರದೆಂದು ಒಂದು ಬದಿಗೆ ಹಾಕಿಸಿದ ಹಿಡಿಗಂಬಿ ಗೋಡೆಯಿಂದ ಮೂರೂವರೆ ಇಂಚು ಮುಂದಕ್ಕೆ ಚಾಚಿಕೊಂಡಿತ್ತು. ಉಳಿದದ್ದು ಇಪ್ಪತ್ತೊಂಬತ್ತೂವರೆ ಇಂಚು. ಫ್ರೀಜರ್‌ನ ಅಗಲ 28. ಕಾಗದದ ಮೇಲೆ ಅದು ಹಾಯುತ್ತದೆ, ಆದರೆ ಅದನ್ನು ಹಿಡಿದ ಕೈಬೆರಳುಗಳಿಗೂ ಜಾಗ ಬೇಕೆಂಬುದು ಕಾಗದಕ್ಕೆ ಗೊತ್ತಿರುವುದಿಲ್ಲ. ಅಷ್ಟೇ ಅಲ್ಲ, ಮೆಟ್ಟಿಲೂ ಕಡಿದಾಗಿತ್ತು. ಒಂದೊಂದು ಮೆಟ್ಟಿಲಿನ ಎತ್ತರ 8 ಇಂಚು, ಕಾಲೂರುವ ಜಾಗ 9 ಇಂಚು. ಈಗ ಅಮೆರಿಕದ ಬಹುತೇಕ ಕಡೆ ಅನುಸರಿಸುವ ಮಾದರಿ ನಿಯಮದಲ್ಲಿ ಎತ್ತರ ಏಳೂಮುಕ್ಕಾಲು ಇಂಚನ್ನು ಮೀರುವಂತಿಲ್ಲ, ಕಾಲೂರುವ ಜಾಗ 10 ಇಂಚಿಗಿಂತ ಕಡಿಮೆಯಿರುವಂತಿಲ್ಲ. ಒಂದು ಇಂಚಿನ ವ್ಯತ್ಯಾಸ ಬರಿಗೈಯಲ್ಲಿ ಓಡಾಡುವಾಗ ತಿಳಿಯುವುದಿಲ್ಲ. ಭಾರ ಹೊತ್ತು ಹಿಮ್ಮುಖವಾಗಿ ಹತ್ತುವವನ ಹಿಮ್ಮಡಿಗೆ ಮಾತ್ರ ಅದು ಚೆನ್ನಾಗಿಯೇ ತಿಳಿಯುತ್ತದೆ.

ಮೊದಲ ಪ್ರಯತ್ನ ಶನಿವಾರ ಬೆಳಿಗ್ಗೆ ನಡೆಯಿತು. ಕನ್ನಡ ಕೂಟದ ಗೆಳೆಯರೊಬ್ಬರು ನೆರವಿಗೆ ಬಂದಿದ್ದರು. ಅವರು ಮೇಲಿನ ತುದಿ, ನಾನು ಕೆಳಗಿನ ತುದಿ, ಇಬ್ಬರೂ ಫ್ರೀಜರ್‌ನ ತಳವನ್ನು ಹಿಡಿದು ಎತ್ತಿದೆವು. ಅದರ ತೂಕ 60 ಕೆಜಿ ಆಸುಪಾಸು. ಇಬ್ಬರು ಹೊತ್ತರೆ ತಲೆಗೆ 30 ಕೆಜಿ, ಊರಲ್ಲಿ ಒಂದು ಅಕ್ಕಿ ಮೂಟೆಗಿಂತ ಎಷ್ಟೋ ಕಡಿಮೆ ಎಂಬುದು ನಮ್ಮ ಧೈರ್ಯ. ನೆಲದ ಮೇಲೆ ನಾಲ್ಕು ಹೆಜ್ಜೆ ನಡೆಯುವವರೆಗೆ ಆ ಲೆಕ್ಕ ಸರಿಯಾಗಿಯೇ ಇತ್ತು. ಎರಡನೆಯ ಮೆಟ್ಟಿಲಿಗೆ ಕಾಲಿಟ್ಟಾಗ ನನ್ನ ಕೈಯೊಳಗಿನ ಭಾರ ಇದ್ದಕ್ಕಿದ್ದಂತೆ ಬೆಳೆಯಿತು. ಗೆಳೆಯರು ಸರಿಯಾಗಿ ಎತ್ತುತ್ತಿಲ್ಲವೇನೋ ಎಂದು ನನಗೆ ಒಳಗೊಳಗೇ ಸಿಟ್ಟು ಬಂದಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಐದನೆಯ ಮೆಟ್ಟಿಲಿನಲ್ಲಿ ಅವರ ಹಿಮ್ಮಡಿ ಮೆಟ್ಟಿಲಿನ ಅಂಚಿಗೆ ಸಿಕ್ಕಿ, ಅವರು ಕುಳಿತೇಬಿಟ್ಟರು. ಫ್ರೀಜರ್ ನನ್ನ ಎದೆಯ ಕಡೆಗೆ ಜಾರಿ, ಸ್ವಲ್ಪ ಓರೆಯಾಗಿ, ಗೋಡೆಗೂ ಹಿಡಿಗಂಬಿಗೂ ನಡುವೆ ಬೆಣೆಯಂತೆ ಸಿಕ್ಕಿಕೊಂಡಿತು. ಹಿಡಿಗಂಬಿಯ ನಡುವಿನ ಕೊಂಡಿ ಜಿಪ್ಸಂ ಹಲಗೆಯ ಮುಷ್ಟಿಯಷ್ಟು ಭಾಗವನ್ನು ಕಿತ್ತುಕೊಂಡು ಹೊರಬಂದಿತು. ನನ್ನ ಬಲಗೈಯ ಗೆಣ್ಣುಗಳ ಚರ್ಮ ಬಿಳಿಯ ಗೋಡೆಯ ಮೇಲೆ ನಾಲ್ಕು ಕೆಂಪು ಗೆರೆ ಎಳೆದಿತ್ತು. ಅಡ್ಡಸಿಕ್ಕಿಕೊಂಡಿತೆಂಬ ಕಾರಣಕ್ಕೇ ಅದು ನನ್ನನ್ನು ಕೆಡವದೆ ನಿಂತದ್ದು. ಮೇಲೆ ಕಟ್ಟೆಯ ಮೇಲೆ ನಿಂತಿದ್ದ ಅಪ್ಪಾಜಿ ಅಳತೆಯ ಮಾತನ್ನು ಮತ್ತೆ ಎತ್ತಲಿಲ್ಲ. “ಕೈ ಬಿಡಬ್ಯಾಡ, ಹಂಗೇ ನಿಧಾನಕ್ಕೆ ಕೆಳಗಿಳಿಸ್ರಿ” ಎಂದಷ್ಟೇ ಹೇಳಿದರು.

ಗಾಯಕ್ಕೆ ಅರಿಸಿನ ಮೆತ್ತಿಕೊಂಡು ಕುಳಿತಾಗ, ಭಾರ ಏಕೆ ಬೆಳೆಯಿತೆಂಬುದನ್ನು ಕಾಗದದ ಮೇಲೆ ಬಿಡಿಸಿ ನೋಡಿದೆ. ಸಮತಟ್ಟಾದ ನೆಲದ ಮೇಲೆ ಪೆಟ್ಟಿಗೆಯ ಭಾರದ ನಡುಬಿಂದು ಇಬ್ಬರಿಗೂ ಸಮದೂರದಲ್ಲಿರುತ್ತದೆ. ಪೆಟ್ಟಿಗೆ ಮೆಟ್ಟಿಲಿನ ಓರೆಗೆ ವಾಲಿದೊಡನೆ, ಆ ಬಿಂದು ತಳದಿಂದ ಎಷ್ಟು ಎತ್ತರದಲ್ಲಿದೆಯೋ ಅದಕ್ಕೆ ತಕ್ಕಂತೆ ಕೆಳಗಿನವನ ಕಡೆಗೆ ಸರಿಯುತ್ತದೆ. ನಮ್ಮ ಫ್ರೀಜರ್‌ನ ಉದ್ದ 48 ಇಂಚು, ಎತ್ತರ 33 ಇಂಚು. ನಮ್ಮ ಮೆಟ್ಟಿಲಿನ ಓರೆಗೆ ಲೆಕ್ಕ ಹಾಕಿದರೆ, ಅದರೊಳಗಿನ ತೂಕ ಎಲ್ಲ ಕಡೆಯೂ ಸಮವಾಗಿದೆಯೆಂದೇ ಇಟ್ಟುಕೊಂಡರೂ, 60 ಕೆಜಿಯಲ್ಲಿ ಸುಮಾರು 48 ಕೆಜಿ ಕೆಳಗಿನವನ ಪಾಲಿಗೆ ಬರುತ್ತದೆ, ಮೇಲಿನವನ ಪಾಲಿಗೆ ಬರುವುದು 12 ಕೆಜಿ ಮಾತ್ರ. ಗೆಳೆಯರ ಮೇಲಿನ ನನ್ನ ಸಿಟ್ಟು ಎಷ್ಟು ಅನ್ಯಾಯದ್ದೆಂದು ಆಗ ತಿಳಿಯಿತು. ಅವರು ಎತ್ತಲು ಸಿದ್ಧರಿದ್ದರೂ ಎತ್ತುವುದಕ್ಕೆ ಅವರ ತುದಿಯಲ್ಲಿ ಭಾರವೇ ಇರಲಿಲ್ಲ. ಆರೂವರೆ ಅಡಿ ಉದ್ದದ, 19 ಇಂಚು ದಪ್ಪದ ನಮ್ಮೂರಿನ ಉಕ್ಕಿನ ಬೀರುವನ್ನು ಬೆನ್ನ ಮೇಲೆ ಮಲಗಿಸಿ ಇದೇ ಮೆಟ್ಟಿಲು ಹತ್ತಿಸಿದರೆ ಪಾಲು 61ಕ್ಕೆ 39 ಆಗುತ್ತದೆ. ಉದ್ದವಾಗಿ ತೆಳ್ಳಗಿರುವ ವಸ್ತು ತೂಕದಲ್ಲಿ ಹೆಚ್ಚಿದ್ದರೂ ಹಂಚಿಕೆಯಲ್ಲಿ ನ್ಯಾಯವಂತ. ಗಿಡ್ಡವಾಗಿ ದಪ್ಪಗಿರುವುದೇ ಮೋಸ ಮಾಡುತ್ತದೆ.

ಇದಕ್ಕೊಂದು ಉಪಾಯವೂ ಅದೇ ಚಿತ್ರದಲ್ಲಿತ್ತು. ಕೆಳಗಿನವನು ತಳದ ಅಂಚನ್ನು ಹಿಡಿದು, ಮೇಲಿನವನು ತಳವನ್ನು ಬಿಟ್ಟು ತನ್ನ ತುದಿಯ ಮೇಲಂಚನ್ನು ಹಿಡಿದರೆ, ಭಾರದ ನಡುಬಿಂದು ಇಬ್ಬರ ಕೈಗಳ ನಡುವೆ ಸರಿಯಾಗಿ ಬಂದು ಪಾಲು ಮತ್ತೆ ಸಮವಾಗುತ್ತದೆ. ಆದರೆ ಈ ಬಗೆಯ ಫ್ರೀಜರ್‌ನ ಮೇಲಂಚು ಎಂದರೆ ಅದರ ಮುಚ್ಚಳ, ಹಿಡಿದು ಎಳೆದರೆ ಕೈಗೆ ಬರುವಂಥದ್ದು. ಪಟ್ಟಿ ಬಿಗಿದು ಅದನ್ನು ಹಿಡಿಯಬೇಕು, ಇಲ್ಲವೇ ಬೇರೆ ದಾರಿ ನೋಡಬೇಕು.

ನನ್ನ ಚಿತ್ರವನ್ನು ಅಪ್ಪಾಜಿಗೆ ತೋರಿಸಿದೆ. ಅವರು ದಾವಣಗೆರೆಯ ಮಂಡಿಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು, ಕ್ವಿಂಟಾಲ್ ತೂಕದ ಗೋಣಿಚೀಲವನ್ನು ಒಬ್ಬನೇ ಹಮಾಲಿ ಬೆನ್ನ ಮೇಲೆ ಹೊತ್ತು, ಓರೆಯಾಗಿ ಇಟ್ಟ ಹಲಗೆಯ ಮೇಲೆ ನಡೆದು ಲಾರಿ ಹತ್ತುವುದನ್ನು ದಿನವೂ ಕಂಡವರು. ಗೆರೆಗಳನ್ನು ಸ್ವಲ್ಪ ಹೊತ್ತು ನೋಡಿ, ಅವರು ಹೇಳಿದ್ದು ಬೇರೆಯದನ್ನೇ. ಹಮಾಲಿ ಎಂದೂ ಚೀಲವನ್ನು ತಾನೇ ನೆಲದಿಂದ ಎತ್ತಿಕೊಳ್ಳುವುದಿಲ್ಲವಂತೆ. ಇಬ್ಬರು ಎತ್ತಿಕೊಡುತ್ತಾರೆ, ಇವನು ಬೆನ್ನು ಬಾಗಿಸಿ ಅದರಡಿಗೆ ಹೋಗುತ್ತಾನೆ. ಚೀಲ ಬೆನ್ನಿಗೆ ಬಂದ ಮೇಲೆ ಒಂದು ಗಳಿಗೆ ಕದಲದೆ ನಿಂತು, ಭಾರ ಎಲ್ಲಿ ಕುಳಿತಿದೆಯೆಂದು ನೋಡಿಕೊಂಡು, ಆಮೇಲೆ ಮೊದಲ ಹೆಜ್ಜೆ ಇಡುತ್ತಾನೆ. ಹಲಗೆಯ ಮೇಲೆ ಅವನಿದ್ದಾಗ ಯಾರೂ ಅವನೊಡನೆ ಮಾತನಾಡುವಂತಿಲ್ಲ, ಹಲಗೆಯ ಕೆಳಗೆ ಯಾರೂ ನಿಲ್ಲುವಂತಿಲ್ಲ. ಅಷ್ಟಾದರೂ ಆ ಹಮಾಲಿಗಳಲ್ಲಿ ಬಹಳ ಮಂದಿ ಐವತ್ತು ತುಂಬುವ ಮೊದಲೇ ಮಂಡಿ ಹಿಡಿದುಕೊಂಡು ಕುಳಿತದ್ದನ್ನೂ ಅವರು ಸೇರಿಸಿ ಹೇಳಿದರು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯಾದ ನಿಯೋಷ್ ಭಾರ ಎತ್ತುವುದರ ಲೆಕ್ಕಕ್ಕೆ ಒಂದು ಸೂತ್ರ ಕೊಟ್ಟಿದೆ. ವಸ್ತು ಮೈಗೆ ಹತ್ತಿರವಿದ್ದು, ಸೊಂಟದ ಮಟ್ಟದ ಆಸುಪಾಸಿನಲ್ಲಿದ್ದು, ಮೈ ತಿರುಚದೆ, ಹಿಡಿತ ಚೆನ್ನಾಗಿದ್ದಾಗಲೂ ಅದು ಒಪ್ಪುವ ಮಿತಿ 23 ಕೆಜಿ; ಒಂದೊಂದು ಅನುಕೂಲ ತಪ್ಪಿದಂತೆ ಆ ಅಂಕಿಯೂ ಕೆಳಗಿಳಿಯುತ್ತದೆ. ನಾನು ಎದೆಗೆ ಅವುಚಿಕೊಂಡಿದ್ದದ್ದು ಅದರ ಎರಡು ಪಟ್ಟು, ಅದೂ ಒಂಬತ್ತು ಇಂಚಿನ ಮೆಟ್ಟಿಲಿನ ಮೇಲೆ.

ಭಾನುವಾರ ಪಕ್ಕದ ಮನೆಯ ಹಿರಿಯರು ಬಂದರು. ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅವರಿಗೆ ನಮ್ಮ ಮನೆಯಂಥದ್ದೇ ಮನೆ, ಅಂಥದ್ದೇ ಮೆಟ್ಟಿಲು. ಅವರ ಗ್ಯಾರೇಜಿನಲ್ಲಿ ಒಂದು ಡಾಲಿ ಇತ್ತು. ಎರಡು ಗಾಲಿಯ ಸಾದಾ ಕೈಗಾಡಿಯಲ್ಲ ಅದು, ಗೃಹೋಪಕರಣಗಳಿಗೆಂದೇ ಮಾಡಿದ್ದು. ಸಾಮಾನನ್ನು ಬಿಗಿಯುವ ಪಟ್ಟಿ ಮತ್ತು ಅದನ್ನು ಹಲ್ಲುಹಲ್ಲಾಗಿ ಎಳೆದು ಬಿಗಿಮಾಡುವ ಹಿಡಿಕೆ ಮುಂಭಾಗದಲ್ಲಿ, ಮೆಟ್ಟಿಲಿನ ಅಂಚಿನ ಮೇಲೆ ಉರುಳುವ ರಬ್ಬರ್ ಪಟ್ಟಿಗಳು ಬೆನ್ನಿನಲ್ಲಿ. ಇದನ್ನು ಬಳಸಿದಾಗ ಆಗುವ ಮುಖ್ಯ ಬದಲಾವಣೆಯೆಂದರೆ, ಬಹುಪಾಲು ಭಾರ ಮನುಷ್ಯರ ಕೈಯಿಂದ ಇಳಿದು ಮೆಟ್ಟಿಲಿನ ಅಂಚಿಗೆ ಹೋಗುತ್ತದೆ. ಎಳೆಯುವ ಕೆಲಸ ಮೇಲಿನವನದು. ಕೆಳಗಿನವನು ಡಾಲಿ ಪಕ್ಕಕ್ಕೆ ವಾಲದಂತೆ ನೋಡಿಕೊಂಡು ಒಂದಿಷ್ಟು ಒತ್ತು ಕೊಟ್ಟರೆ ಸಾಕು. ಒಂದು ಮೆಟ್ಟಿಲು ಹತ್ತಿಸಿ, ಅಲ್ಲಿ ನಿಲ್ಲಿಸಿ, ಉಸಿರು ಬಿಟ್ಟು, ಇನ್ನೊಂದು ಹತ್ತಿಸಬಹುದು. ಕೈಯಲ್ಲಿ ಹೊತ್ತಾಗ ಹೀಗೆ ನಡುವೆ ನಿಲ್ಲುವ ಸ್ವಾತಂತ್ರ್ಯವೇ ಇರುವುದಿಲ್ಲ.

ಈ ಸಲ ಅಳತೆ ಮೊದಲು, ಕೆಲಸ ಆಮೇಲೆ. ಕಟ್ಟೆಯ ಮೇಲೆ ನಾಲ್ಕಡಿಯ ಪೆಟ್ಟಿಗೆ ಮಲಗಿದಂತೆಯೇ ತಿರುಗುವುದು ಅಸಾಧ್ಯವಾದ್ದರಿಂದ, ಅದನ್ನು ಮೊದಲೇ ತುದಿಯ ಮೇಲೆ ನಿಲ್ಲಿಸಿ ಡಾಲಿಗೆ ಬಿಗಿಯಬೇಕು. ನಿಲ್ಲಿಸಿದರೆ ಅದರ 33 ಇಂಚಿನ ಎತ್ತರ ಹೊರಬಾಗಿಲಿನ 32 ಇಂಚಿಗೆ ಎದುರಾಗುತ್ತದೆ. ಮುಚ್ಚಳವನ್ನು ಕಳಚಿದರೆ 33 ಇಂಚು 30ಕ್ಕೆ ಇಳಿಯುತ್ತದೆ. ಬಾಗಿಲನ್ನು ಕೀಲಿನಿಂದ ಬಿಡಿಸಿ ಪಕ್ಕಕ್ಕಿಟ್ಟರೆ 32 ಇಂಚು ಪೂರ್ತಿ ನಮ್ಮದಾಗುತ್ತದೆ, ಇಲ್ಲದಿದ್ದರೆ ತೆರೆದ ಬಾಗಿಲಿನ ದಪ್ಪವೇ ಸುಮಾರು ಎರಡು ಇಂಚನ್ನು ತಿನ್ನುತ್ತದೆ. ಹಿಡಿಗಂಬಿಯನ್ನು ಹೇಗಿದ್ದರೂ ಅರ್ಧ ಕಿತ್ತಾಗಿತ್ತು. ಉಳಿದ ಎರಡು ಕೊಂಡಿಗಳ ನಾಲ್ಕು ತಿರುಪುಗಳನ್ನೂ ಬಿಚ್ಚಿದೆವು. ಮುಚ್ಚಳದ ಕೀಲಿನೊಳಗೆ ಸ್ಪ್ರಿಂಗ್ ಇರುತ್ತದೆ. ಮುಚ್ಚಳ ಪೂರ್ತಿ ತೆರೆದು ನಿಂತಾಗ ಅದು ಸಡಿಲವಾಗಿರುತ್ತದೆ, ಮುಚ್ಚಿದ್ದಾಗ ಬಿಗಿದಿರುತ್ತದೆ. ಹಾಗಾಗಿ ತೆರೆದಿಟ್ಟೇ ಬಿಚ್ಚಬೇಕು, ಇಲ್ಲದಿದ್ದರೆ ಕೀಲು ಮುಖಕ್ಕೆ ಚಿಮ್ಮೀತು. ಕಂಪ್ರೆಸರ್ ಇರುವ ತುದಿಯನ್ನು ಕೆಳಗೆ ಮಾಡಿದೆವು, ಭಾರವಾದ ಭಾಗ ಗಾಲಿಗೆ ಹತ್ತಿರವಿದ್ದಷ್ಟೂ ಮೇಲಿನ ಓಲಾಟ ಕಡಿಮೆ. ಹಳೆಯ ಜಮಖಾನವೊಂದನ್ನು ಸುತ್ತಿ, ಅದರ ಮೇಲೆ ಪಟ್ಟಿ ಬಿಗಿದೆವು.

ಇನ್ನೊಂದು ಏರ್ಪಾಡು ಅಪ್ಪಾಜಿಯದು. ಹಿಂದಿನ ದಿನ ನಾನೂ ಗೆಳೆಯರೂ ಒಟ್ಟಿಗೇ “ಎತ್ತಿ”, “ತಡೀರಿ”, “ಹಿಡ್ಕೊಳ್ಳಿ” ಎಂದು ಕೂಗಾಡಿದ್ದನ್ನು ಕೇಳಿ ಅವರಿಗೆ ಸಾಕಾಗಿತ್ತು. ಇವತ್ತು ಕೂಗುವವರು ಒಬ್ಬರೇ, ಅದೂ ಹೊರೆಗೆ ಕೈ ಹಾಕದವರು ಎಂದು ನಿರ್ಧರಿಸಿ, ಆ ಹುದ್ದೆಯನ್ನು ತಾವೇ ವಹಿಸಿಕೊಂಡು ಅಡುಗೆಮನೆಯ ಮೆಟ್ಟಿಲಿನ ಮೇಲೆ ಕುಳಿತರು. ಮೇಲೆ ಎಳೆಯಲು ಪಕ್ಕದ ಮನೆಯವರು ಮತ್ತು ಗೆಳೆಯರು, ಕೆಳಗೆ ನಾನು. ಅಪ್ಪಾಜಿ “ಐಸಾ” ಎಂದಾಗ ಒಂದು ಮೆಟ್ಟಿಲು, ಆಮೇಲೆ ಮೌನ, ಮತ್ತೆ “ಐಸಾ”. ಪಕ್ಕದ ಮನೆಯವರಿಗೆ ಯಾರೂ ಅದರ ಅರ್ಥ ಹೇಳಿರಲಿಲ್ಲ, ಅವರು ಕೇಳಲೂ ಇಲ್ಲ. ಒಂಬತ್ತು ಮೆಟ್ಟಿಲಿಗೆ ಒಂಬತ್ತು ಕೂಗು. ಕಟ್ಟೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಪಟ್ಟಿ ಸಡಿಲಿಸಿ, ಡಾಲಿಯನ್ನು ಅಡಿಯಿಂದ ತೆಗೆದು, ಜಮಖಾನದ ಮೇಲೆ ಫ್ರೀಜರನ್ನು ಬಾಗಿಲಿನ ಕಡೆಗೆ ಎಳೆದಾಗ, ಎರಡೂ ಬದಿಗೆ ಒಂದೊಂದು ಇಂಚು ಬಿಟ್ಟು ಅದು ಹೊರಗಿನ ಬಿಸಿಲಿಗೆ ಬಂತು. ಒಟ್ಟು ಹಿಡಿದದ್ದು ಹತ್ತು ನಿಮಿಷಕ್ಕಿಂತ ಕಡಿಮೆ. ಅದಕ್ಕೆ ಮುಂಚಿನ ತಯಾರಿಗೆ ಎರಡು ಗಂಟೆ ಹಿಡಿದಿತ್ತು.

ಉಳಿದವುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಗ್ರೈಂಡರ್‌ನ ಕಲ್ಲುಗಳನ್ನು ಮೊದಲು ತೆಗೆದು ಬೇರೆಯಾಗಿ ಸಾಗಿಸಿದೆವು, ಇಲ್ಲದಿದ್ದರೆ ಅವು ಒಳಗೇ ಉರುಳಾಡಿ ಪಾತ್ರೆಯನ್ನು ಜಜ್ಜುತ್ತವೆ. ಟ್ರೆಡ್‌ಮಿಲ್ಲಿನ ಮಡಚಿದ ಹಲಗೆ ನಡುದಾರಿಯಲ್ಲಿ ಬಿಚ್ಚಿಕೊಳ್ಳದಂತೆ ಹಗ್ಗ ಕಟ್ಟಿದೆವು, ಅದರ ಎರಡು ಕಂಬಗಳನ್ನು ಕಳಚಿದೆವು. ಭಾರವಾದ ಮೋಟಾರ್ ತುದಿಯನ್ನು ಮೇಲಿನವರ ಕಡೆಗೆ ಇಟ್ಟರೆ ಪಾಲು ಒಂದಿಷ್ಟು ಸಮವಾಗುತ್ತದೆಂಬುದನ್ನು ಇಷ್ಟು ಹೊತ್ತಿಗೆ ಕಲಿತಾಗಿತ್ತು. ಬಟ್ಟೆ ಒಗೆಯುವ ಯಂತ್ರ ಎದುರುಬಾಗಿಲಿನದು. ಡ್ರಮ್ ತಿರುಗುವಾಗ ಕುಣಿಯಬಾರದೆಂದು ಇಂಥ ಅನೇಕ ಯಂತ್ರಗಳೊಳಗೆ ಕಾಂಕ್ರೀಟಿನ ಗಟ್ಟಿಯನ್ನೇ ಇಟ್ಟಿರುತ್ತಾರೆ, ಹಾಗಾಗಿ ಅದು 90 ಕೆಜಿಯನ್ನು ಮೀರಿತ್ತು. ಸಾಗಿಸುವ ಮುನ್ನ ಡ್ರಮ್ಮನ್ನು ಹಿಂಬದಿಯಿಂದ ಬಿಗಿಯುವ ಬೋಲ್ಟುಗಳನ್ನು ಮತ್ತೆ ಹಾಕಬೇಕು, ಇಲ್ಲದಿದ್ದರೆ ತೂಗಾಡುವ ಡ್ರಮ್ ತನ್ನ ಸ್ಪ್ರಿಂಗುಗಳನ್ನೇ ಹಾಳುಮಾಡಿಕೊಳ್ಳುತ್ತದೆ. ಹನ್ನೊಂದು ವರ್ಷದ ಹಿಂದೆ ಬಿಚ್ಚಿದ ಆ ಬೋಲ್ಟುಗಳು ಎಲ್ಲಿ ಹೋದವೋ ದೇವರಿಗೇ ಗೊತ್ತು. ಕೊನೆಗೆ ನನ್ನ ಹೆಂಡತಿಯೇ ಮನೆ ಕೊಳ್ಳುವವರೊಡನೆ ಮಾತನಾಡಿ, ಯಂತ್ರ ಮನೆಯೊಂದಿಗೇ ಅವರಿಗೆ ಸೇರುವಂತೆ ಕರಾರಿನಲ್ಲಿ ಬರೆಸಿದಳು. ಆ ವಾರ ನಾವು ಮಾಡಿದ ಭಾರ ಎತ್ತುವ ಕೆಲಸಗಳಲ್ಲಿ ಅತ್ಯಂತ ಅಚ್ಚುಕಟ್ಟಾದದ್ದು ಅದೇ. ಪಕ್ಕದ ಮನೆಯವರ ಬೇಸ್‌ಮೆಂಟಿನಲ್ಲಿ ಹಿಂದಿನ ಯಾವುದೋ ಮಾಲೀಕರು ಬಿಟ್ಟುಹೋದ ಪಿಯಾನೋ ಇದೆ. ಒಳಗೆ ಎರಕದ ಕಬ್ಬಿಣದ ಚೌಕಟ್ಟು ಹೊತ್ತ ಅಂಥ ಪಿಯಾನೋ 200 ಕೆಜಿ ಮುಟ್ಟುವುದುಂಟು. ಅದನ್ನು ಎತ್ತುವ ಯೋಚನೆಯನ್ನು ಅವರೂ ಮಾಡಿಲ್ಲ, ಡಾಲಿಯನ್ನು ಇಟ್ಟುಕೊಂಡವರೇ ಮಾಡದಿದ್ದದ್ದನ್ನು ಬೇರೆಯವರು ಮಾಡಬಾರದೆಂದು ನನ್ನ ಅಭಿಪ್ರಾಯ. ಅದು ಆ ಕಸುಬಿನವರಿಗೇ ಬಿಡಬೇಕಾದ ಕೆಲಸ.

ಹೊಸ ಮನೆಯಲ್ಲಿ ಫ್ರೀಜರನ್ನು ಸದ್ಯಕ್ಕೆ ಗ್ಯಾರೇಜಿನಲ್ಲಿ ಇಳಿಸಿ, ಮುಚ್ಚಳ ಕೂರಿಸಿ, ಒಂದು ದಿನ ಪೂರ್ತಿ ಪ್ಲಗ್ ಹಾಕದೆ ಬಿಟ್ಟೆವು. ಅಡ್ಡಲಾಗಿದ್ದಾಗ ಕಂಪ್ರೆಸರ್‌ನ ಎಣ್ಣೆ ಕೊಳವೆಗಳಿಗೆ ಹರಿದಿರುತ್ತದೆ, ಅದು ಹಿಂದಿರುಗುವ ಮೊದಲೇ ಚಾಲೂ ಮಾಡಿದರೆ ಕಂಪ್ರೆಸರ್ ಕೆಡಬಹುದು. ಮರುದಿನ ಸಂಜೆ ಅದು ಎಂದಿನಂತೆ ಗುರುಗುಟ್ಟತೊಡಗಿತು, ತೆಂಗಿನಕಾಯಿ ತುರಿಯೂ ಅವರೆಕಾಳೂ ಗೆಳೆಯರ ಮನೆಯಿಂದ ಮರಳಿದವು. ಎಲ್ಲ ಮುಗಿಯಿತೆಂದುಕೊಂಡು ಅದರ ಕೈಪಿಡಿಯನ್ನು ತಿರುವಿದರೆ, ಕೊರೆಯುವ ಚಳಿಯ ಜಾಗದಲ್ಲಿ ಇದನ್ನು ಇಡಬಾರದೆಂದು ಬರೆದಿದೆ. ಮಿಶಿಗನ್ನಿನ ಜನವರಿಯಲ್ಲಿ ನಮ್ಮ ಗ್ಯಾರೇಜು ಫ್ರೀಜರ್‌ನ ಒಳಗಿಗಿಂತ ಬೆಚ್ಚಗೇನೂ ಇರುವುದಿಲ್ಲ. ದೀಪಾವಳಿಯೊಳಗೆ ಅದು ಮತ್ತೆ ಬೇಸ್‌ಮೆಂಟಿಗೆ ಇಳಿಯಬೇಕು. ಊರಿಗೆ ಮರಳಿರುವ ಅಪ್ಪಾಜಿ ಫೋನಿನಲ್ಲಿ ಇದನ್ನು ಕೇಳಿ, ಮೆಟ್ಟಿಲಿನ ಅಗಲ ಎಷ್ಟೆಂದು ವಿಚಾರಿಸಿದರು. ಗೋಡೆಯಿಂದ ಗೋಡೆಗೆ 37 ಇಂಚು, ಹಿಡಿಗಂಬಿ ಬಿಟ್ಟು ಮೂವತ್ತಮೂರೂವರೆ, ತಿರುವು ಇಲ್ಲ ಎಂದು ನಾನು ಕಾಗದ ನೋಡಿ ಓದಿ ಹೇಳಿದೆ.